ಹಳೆಯ ಅರ್ಥಗಳ ಹೊಸ ವಿಳಾಸ



ಒಂದು ಹಳೆಯ ಮನೆಯ ಪಡಸಾಲೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಗೋಡೆಗೆ ಹೊಡೆದ ಹಲಗೆಯ ಮೇಲೆ ಮರದ ಪೆಟ್ಟಿಗೆಯಂಥ ರೇಡಿಯೋ. ಅದರ ಮೇಲೊಂದು ಕಸೂತಿ ಬಟ್ಟೆ. ಹಿಂಬದಿಯಿಂದ ಹೊರಟ ಒಂದು ತಂತಿ ಪ್ಲಗ್ಗಿಗೆ ಹೋಗುತ್ತದೆ. ಇನ್ನೊಂದು ಕಿಟಕಿ ದಾಟಿ ಹಿತ್ತಲಿನ ತೆಂಗಿನ ಮರಕ್ಕೆ. ಮತ್ತೊಂದು ನೆಲಕ್ಕೆ, ಅರ್ತ್ ಎಂದು. ಕೆಲವು ಮನೆಗಳಲ್ಲಿ ತೊಲೆಯಿಂದ ತೊಲೆಗೆ ತಾಮ್ರದ ಬಲೆಯಂಥ ಏರಿಯಲ್ ಪಟ್ಟಿ ಬೇರೆ. ಇಷ್ಟೊಂದು ತಂತಿಗಳ ನಡುವೆ ಕೂತ ಆ ಪೆಟ್ಟಿಗೆಗೆ ಇಂಗ್ಲಿಷರು ಇಟ್ಟ ಹೆಸರು ವೈರ್‌ಲೆಸ್. ಅಂದರೆ ತಂತಿಯೇ ಇಲ್ಲದ್ದು!

ಆ ಕಾಲಕ್ಕೆ ಆ ಹೆಸರು ಸರಿಯಾಗಿಯೇ ಇತ್ತು. ಟೆಲಿಗ್ರಾಮ್ ಹೋಗಬೇಕಾದರೆ ಊರಿಂದ ಊರಿಗೆ ಕಂಬ ನೆಟ್ಟು ತಂತಿ ಎಳೆಯಬೇಕಿತ್ತು. ಕನ್ನಡಿಗರು ಟೆಲಿಗ್ರಾಮನ್ನೇ ‘ತಂತಿ’ ಎಂದು ಕರೆದರು. ಆ ನಡುವಿನ ತಂತಿ ಇಲ್ಲದೆ ಸದ್ದು ಬಂದರೆ ಅದು ವೈರ್‌ಲೆಸ್. ರೇಡಿಯೋ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಮಾಡಿಸಬೇಕಾಗಿದ್ದ ಕಾಲವನ್ನು ಕಂಡವರು ಈಗಲೂ ಇದ್ದಾರೆ. ಅದಕ್ಕೆ ಆಧಾರವಾಗಿದ್ದ 1933ರ ಕಾಯ್ದೆಯ ಹೆಸರಿನಲ್ಲೂ ಇದೇ ಪದವಿತ್ತು: ಇಂಡಿಯನ್ ವೈರ್‌ಲೆಸ್ ಟೆಲಿಗ್ರಫಿ ಆ್ಯಕ್ಟ್.

ಆಮೇಲೆ ಪದಕ್ಕೆ ವಯಸ್ಸಾಯಿತು. ಬ್ರಿಟನ್ನಿನಲ್ಲಿ ವೈರ್‌ಲೆಸ್ ಎನ್ನುವವರು ಮುದುಕರು, ರೇಡಿಯೋ ಎನ್ನುವವರು ಹುಡುಗರು ಎಂದಾಯಿತು. ನಮ್ಮಲ್ಲಿ ಆ ಪದ ಪೊಲೀಸ್ ಜೀಪಿನೊಳಗೆ ಉಳಿದುಕೊಂಡಿತು. ಇನ್ನೇನು ಅದರ ಕಥೆ ಮುಗಿಯಿತು ಎನ್ನುವಾಗ ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ ಮತ್ತೆ ಎದ್ದು ಕೂತಿತು. ಈಗ ಹತ್ತು ವರ್ಷದ ಹುಡುಗಿಗೆ ವೈರ್‌ಲೆಸ್ ಎಂದರೆ ಕಿವಿಗೆ ಸಿಕ್ಕಿಸುವ ಇಯರ್‌ಫೋನು, ಮನೆಯೊಳಗಿನ ಇಂಟರ್‌ನೆಟ್ಟು. ಅವಳ ಮುತ್ತಜ್ಜನಿಗೆ ಮರದ ಪೆಟ್ಟಿಗೆ. ಪದ ಒಂದೇ, ವಿಳಾಸ ಎರಡು.

ಇಂಗ್ಲಿಷಿನಲ್ಲಿ ಇಂಥ ಪದಗಳು ರಾಶಿ ರಾಶಿ ಇವೆ. ಕೆಲವು ಬೀದಿಯ ಆಡುಮಾತು. ಕೆಲವು ಅಜ್ಜಂದಿರ ಕಾಲದವು. ಒಂದೊಂದಕ್ಕೂ ಎರಡು, ಮೂರು, ಕೆಲವೊಮ್ಮೆ ಐದಾರು ಅರ್ಥ. ಹೊಸ ಅರ್ಥ ಬಂದು ಮನೆಯ ಮುಂಬಾಗಿಲಲ್ಲಿ ಕೂತಾಗ ಹಳೆಯ ಅರ್ಥ ಎಲ್ಲಿಗೆ ಹೋಗುತ್ತದೆ? ಈ ಭಾಷಣ ಅದರ ಬೆನ್ನು ಹತ್ತಿ ಹೊರಟಿದೆ. ದಾರಿಯಲ್ಲಿ ಲಂಡನ್ನಿನ ಅಂಗಡಿ ಸಿಗುತ್ತದೆ, ಅಮೆರಿಕದ ಸಂಸತ್ತು ಸಿಗುತ್ತದೆ. ಕೊನೆಗೆ ಕೇಳುಗರ ಬೀರುವಿನಲ್ಲಿರುವ ಪಾಸ್‌ಪೋರ್ಟೂ ಸಿಗುತ್ತದೆ.

ಮೊದಲು ದುಡ್ಡಿನ ಮಾತು. ದುಡ್ಡಿನ ಸುತ್ತ ಬೀದಿಮಾತು ಬಹಳ ಹುಟ್ಟುತ್ತದೆ.

1971ರ ಫೆಬ್ರವರಿ 15ರವರೆಗೆ ಬ್ರಿಟನ್ನಿನಲ್ಲಿ ಪೌಂಡಿಗೆ 20 ಶಿಲ್ಲಿಂಗ್, ಶಿಲ್ಲಿಂಗಿಗೆ 12 ಪೆನ್ನಿ. ಲೆಕ್ಕ ಮಾಡಿದರೆ ಪೌಂಡಿಗೆ 240 ಪೆನ್ನಿ. ಆದರೆ ಅಂಗಡಿಯಲ್ಲಿ ಯಾರೂ ಇಷ್ಟು ಶಾಸ್ತ್ರೋಕ್ತವಾಗಿ ಮಾತಾಡುತ್ತಿರಲಿಲ್ಲ. ಪೌಂಡಿಗೆ ಕ್ವಿಡ್ ಎನ್ನುತ್ತಿದ್ದರು. ಶಿಲ್ಲಿಂಗಿಗೆ ಬಾಬ್. ಆರು ಪೆನ್ನಿಯ ಪುಟ್ಟ ಬಿಳಿ ನಾಣ್ಯಕ್ಕೆ ಟ್ಯಾನರ್. ಹತ್ತು ಕ್ವಿಡ್, ಐದು ಬಾಬ್ ಎನ್ನುವಾಗ ಕೊನೆಗೆ ಬಹುವಚನದ ‘ಸ್’ ಸೇರಿಸುವಂತಿರಲಿಲ್ಲ. ನಾವು ಹತ್ತು ರೂಪಾಯಿ ಎನ್ನುವುದಿಲ್ಲವೇ? ರೂಪಾಯಿಗಳು ಎನ್ನುವುದು ಚೆಕ್ಕಿನಲ್ಲಿ ಮಾತ್ರ. ಹಾಗೆಯೇ ಅದು.

ಈಗ ಈ ಮೂರರ ಇನ್ನೊಂದು ಮುಖ ನೋಡೋಣ. ಟ್ಯಾನರ್ ಎಂದರೆ ಚರ್ಮ ಹದ ಮಾಡುವವನೂ ಹೌದು. ಕ್ವಿಡ್ ಎಂದರೆ ದವಡೆಯಲ್ಲಿ ಒತ್ತಿಟ್ಟುಕೊಂಡು ಜಗಿಯುವ ಹೊಗೆಸೊಪ್ಪಿನ ಉಂಡೆಯೂ ಹೌದು. ಈ ಎರಡನೆಯ ಕ್ವಿಡ್, ದನ ಮೆಲುಕು ಹಾಕುವ ಮೇವಿಗೆ ಇಂಗ್ಲಿಷಿನಲ್ಲಿರುವ ಹೆಸರಿನದೇ ಇನ್ನೊಂದು ರೂಪ.

ಬಾಬ್ ಇನ್ನೂ ತುಂಟ. ಅದರ ಬೇರೆ ಬೇರೆ ಅರ್ಥಗಳು ಕರ್ನಾಟಕಕ್ಕೂ ಬಂದು ನೆಲೆಸಿವೆ. ಹೆಣ್ಣುಮಕ್ಕಳ ಕೂದಲನ್ನು ಕುತ್ತಿಗೆಯ ಮಟ್ಟಕ್ಕೆ ಕತ್ತರಿಸಿದರೆ ನಮ್ಮಲ್ಲಿ ಬಾಬ್ ಕಟ್. 1920ರ ದಶಕದಲ್ಲಿ ಯುರೋಪು, ಅಮೆರಿಕಗಳಲ್ಲಿ ದೊಡ್ಡ ಗದ್ದಲವೆಬ್ಬಿಸಿದ ಶೈಲಿ ಅದು. ಗಾರೆ ಕೆಲಸದವರು ಗೋಡೆ ನೆಟ್ಟಗಿದೆಯೇ ಎಂದು ನೋಡಲು ದಾರಕ್ಕೆ ಕಟ್ಟಿ ಇಳಿಬಿಡುವ ತೂಕದ ಗುಂಡು ಇದೆಯಲ್ಲ, ಎಂಜಿನಿಯರುಗಳ ಬಾಯಲ್ಲಿ ಅದು ಪ್ಲಂಬ್ ಬಾಬ್. ಬಾಬ್ ಎಂಬುದು ರಾಬರ್ಟ್ ಎಂಬ ಹೆಸರಿನ ಮುದ್ದಿನ ರೂಪ ಕೂಡ. ಸರ್ ರಾಬರ್ಟ್ ಪೀಲ್ 1829ರಲ್ಲಿ ಲಂಡನ್ನಿಗೆ ಹೊಸ ಪೊಲೀಸ್ ಪಡೆ ಕಟ್ಟಿದರು. ಜನ ಆ ಪೊಲೀಸರಿಗೆ ಬಾಬಿ ಎಂದರು. ಮಂತ್ರಿಯ ಹೆಸರು ಪೇದೆಯ ಹೆಸರಾಯಿತು.

ಕುದುರೆ ಜೂಜಿನವರ ಭಾಷೆ ಬೇರೆಯೇ. ಅಲ್ಲಿ ಪೋನಿ ಎಂದರೆ 25 ಪೌಂಡು. ಮಂಕಿ ಎಂದರೆ 500 ಪೌಂಡು. ಮಂಕಿಗೆ ಈ ಬೆಲೆ ಹೇಗೆ ಬಂತು ಎಂಬುದಕ್ಕೆ ಲಂಡನ್ನಿಗರು ಒಂದು ಕಥೆ ಹೇಳುತ್ತಾರೆ. ಭಾರತದ ಐನೂರು ರೂಪಾಯಿ ನೋಟಿನ ಮೇಲೆ ಕೋತಿಯ ಚಿತ್ರವಿತ್ತಂತೆ, ಇಲ್ಲಿಂದ ಮರಳಿದ ಸಿಪಾಯಿಗಳು ಮಾತನ್ನು ಹೊತ್ತು ತಂದರಂತೆ. ಕಥೆ ಸೊಗಸಾಗಿದೆ. ಆದರೆ ಅಂಥ ನೋಟು ಇದ್ದದ್ದಕ್ಕೆ ಪುರಾವೆ ಇಲ್ಲ. ಪದದ ಹುಟ್ಟು ಗೊತ್ತಾಗದಿದ್ದಾಗ ಜನ ಕಥೆ ಕಟ್ಟುತ್ತಾರೆ. ಇಂಗ್ಲೆಂಡಿನಲ್ಲೂ ಅಷ್ಟೇ, ಇಲ್ಲೂ ಅಷ್ಟೇ.

ಶಿಲ್ಲಿಂಗ್ ಹೋಯಿತು. ಬಾಬ್ ಹೋಯಿತೇ? ಇಲ್ಲ. ‘ಅವನ ಹತ್ತಿರ ನಾಲ್ಕು ಬಾಬ್ ಇದೆ’ ಎಂಬ ಧಾಟಿಯಲ್ಲಿ, ಅವನು ಅನುಕೂಲಸ್ಥ ಎನ್ನಲು, ಬ್ರಿಟಿಷರು ಈಗಲೂ ಆ ಪದ ಬಳಸುತ್ತಾರೆ. ನಮ್ಮ ಆಣೆಯ ಕಥೆಯೂ ಬೇರೆಯಲ್ಲ. ರೂಪಾಯಿಗೆ 16 ಆಣೆ ಎಂಬ ಲೆಕ್ಕ 1957ರಲ್ಲಿ ಮುಗಿಯಿತು. ಆದರೂ 25 ಪೈಸೆಯ ನಾಣ್ಯ 2011ರಲ್ಲಿ ಚಲಾವಣೆ ಕಳೆದುಕೊಳ್ಳುವವರೆಗೆ ನಾಲ್ಕಾಣೆಯೇ ಆಗಿತ್ತು. ಹದಿನಾರಾಣೆ ನಿಜ ಎಂಬ ಮಾತು ಇವತ್ತಿಗೂ ಚಲಾವಣೆಯಲ್ಲಿದೆ.

ಇಲ್ಲಿಯವರೆಗೆ ಕೇಳಿದ್ದನ್ನು ಒಮ್ಮೆ ಒಟ್ಟು ಮಾಡೋಣ. ವೈರ್‌ಲೆಸ್ ಎಂಬ ಹಳೆಯ ಪದ ಹೊಸ ಅರ್ಥ ಹೊತ್ತು ಮರಳಿ ಬಂತು. ಬಾಬ್ ಎಂಬ ಬೀದಿಪದ ನಾಣ್ಯ ಸತ್ತ ಮೇಲೂ ನುಡಿಗಟ್ಟಿನಲ್ಲಿ ಉಳಿಯಿತು. ಈಗ ಪೊಲೀಸರು, ಕಳ್ಳರು ಮತ್ತು ಕ್ರಿಕೆಟ್ ಆಟಗಾರರು ಹಂಚಿಕೊಂಡ ಒಂದು ಪದ.

ಆ ಪದ ನಿಕ್. ಮೂಲದಲ್ಲಿ ನಿಕ್ ಎಂದರೆ ಮರದ ಮೇಲೆ ಚಾಕುವಿನಿಂದ ಮಾಡಿದ ಸಣ್ಣ ಗಾಯ, ಒಂದು ಕಚ್ಚು. ಬ್ರಿಟನ್ನಿನ ಬೀದಿಯಲ್ಲಿ ನಿಕ್ ಮಾಡುವುದು ಎಂದರೆ ಕದಿಯುವುದು. ಕದ್ದವನನ್ನು ಪೊಲೀಸರು ಹಿಡಿದರೆ ಅದೂ ನಿಕ್ ಮಾಡುವುದೇ. ಹಿಡಿದು ಕೂಡಿಹಾಕುವ ಠಾಣೆ, ಜೈಲು, ಅದೂ ನಿಕ್. ಸೈತಾನನಿಗೊಂದು ಹಳೆಯ ಅಡ್ಡಹೆಸರು ಓಲ್ಡ್ ನಿಕ್. ಅಂದರೆ ಕಳ್ಳತನ, ಬಂಧನ, ಸೆರೆಮನೆ, ಅದರಾಚೆಗಿನ ನರಕದ ಒಡೆಯ, ಇಷ್ಟಕ್ಕೂ ಒಂದೇ ಉಚ್ಚಾರ.

ಇಷ್ಟಾದ ಮೇಲೆ ಕ್ರಿಕೆಟ್. ಇಂಗ್ಲಿಷ್ ವೀಕ್ಷಕ ವಿವರಣೆ ಕೇಳುವವರಿಗೆ ಈ ಪದ ಚೆನ್ನಾಗಿ ಗೊತ್ತು. ಚೆಂಡು ಬ್ಯಾಟಿನ ಅಂಚು ಸವರಿ ವಿಕೆಟ್ ಕೀಪರನ ಕೈ ಸೇರಿದರೆ ಅದು ನಿಕ್. ಆ ಅಂಚು ತಾಗಿದ ಸಣ್ಣ ಟಕ್ ಸದ್ದಿನಲ್ಲಿ ಮರದ ಮೇಲಿನ ಹಳೆಯ ಕಚ್ಚು ಇನ್ನೂ ಕೇಳಿಸುತ್ತದೆ. ಅದೇ ವಿವರಣೆಕಾರ ಮರುಕ್ಷಣದಲ್ಲಿ ಇನ್ನೊಬ್ಬ ಬ್ಯಾಟ್ಸ್‌ಮನ್ ‘ಗುಡ್ ನಿಕ್’ನಲ್ಲಿದ್ದಾನೆ ಎನ್ನುತ್ತಾನೆ. ಅಂದರೆ ಒಳ್ಳೆಯ ಲಯದಲ್ಲಿದ್ದಾನೆ. ಹಳೆಯ ಕಾರನ್ನು ಮಾರುವವನೂ ಗಾಡಿ ಗುಡ್ ನಿಕ್‌ನಲ್ಲಿದೆ ಎನ್ನುತ್ತಾನೆ. ಗುಡ್ ನಿಕ್‌ನಲ್ಲಿದ್ದವನು ನಿಕ್ ಮಾಡಿ ಔಟಾದ ಎಂದರೆ ಬೇರೆ ದೇಶದವನು ತಲೆ ಕೆರೆದುಕೊಳ್ಳಬೇಕು. ಕ್ರಿಕೆಟ್ ಗೊತ್ತಿದ್ದವನಿಗೆ ಯಾವ ತೊಂದರೆಯೂ ಇಲ್ಲ.

ನಿಕ್ ಒಂದೇ ಸಮಯಕ್ಕೆ ಹಲವು ಅರ್ಥಗಳನ್ನು ಹೊತ್ತು ನಿಂತಿದೆ. ಇನ್ನು ಕೆಲವು ಪದಗಳು ಹಾಗಲ್ಲ. ಅವು ಒಂದು ಅರ್ಥವನ್ನು ಬಿಟ್ಟು ಅದರ ವಿರುದ್ಧ ದಿಕ್ಕಿಗೆ ನಡೆದುಹೋಗುತ್ತವೆ.

ನೈಸ್ ಎಂಬ ಪದವನ್ನೇ ನೋಡಿ. ಅದರ ಬೇರು ಲ್ಯಾಟಿನ್ನಿನಲ್ಲಿದೆ. ಮೂಲಾರ್ಥ ‘ಏನೂ ತಿಳಿಯದವನು’. ಸುಮಾರು ಏಳುನೂರು ವರ್ಷಗಳ ಹಿಂದೆ ಇಂಗ್ಲಿಷಿನಲ್ಲಿ ಯಾರನ್ನಾದರೂ ನೈಸ್ ಎಂದರೆ ಪೆದ್ದ ಎಂದಂತೆ. ಅಲ್ಲಿಂದ ಅದು ನಾಚಿಕೆಯವನು, ನಾಜೂಕಿನವನು, ಸೂಕ್ಷ್ಮವಾಗಿ ನೋಡುವವನು ಎಂದೆಲ್ಲ ಹೊರಳಿ ಕೊನೆಗೆ ಒಳ್ಳೆಯವನು ಎಂಬಲ್ಲಿ ನಿಂತಿತು. ಜೇನ್ ಆಸ್ಟೆನ್ ಬರೆದ ‘ನಾರ್ತ್ಯಾಂಗರ್ ಆ್ಯಬಿ’ ಕಾದಂಬರಿ 1817ರ ಕೊನೆಯಲ್ಲಿ ಹೊರಬಂತು. ಅದರಲ್ಲಿ ನಾಯಕ ಹೆನ್ರಿ ಟಿಲ್ನಿ, ಎಲ್ಲದಕ್ಕೂ ನೈಸ್ ಎನ್ನುವ ನಾಯಕಿ ಕ್ಯಾಥರೀನಳನ್ನು ಇದೇ ಪದ ಹಿಡಿದು ಕಾಡಿಸುತ್ತಾನೆ. ಪದ ಸವೆದು ತನ್ನ ಮೊನೆ ಕಳೆದುಕೊಂಡಿತು ಎಂಬ ದೂರು ಇನ್ನೂರು ವರ್ಷ ಹಳೆಯದು. ಪ್ರೀತಿ ಮಾಡುವುದು ಎಂಬರ್ಥದ ‘ಮೇಕಿಂಗ್ ಲವ್’ ಎಂಬ ಮಾತು ಇದೇ ಲೇಖಕಿಯ ‘ಎಮ್ಮಾ’ದಲ್ಲಿ ಬರುತ್ತದೆ. ಅಲ್ಲಿ ಅದಕ್ಕೆ ಬಾಯಿಮಾತಿನಲ್ಲಿ ಪ್ರೇಮ ನಿವೇದಿಸುವುದು ಎಂದಷ್ಟೇ ಅರ್ಥ. ಮುಚ್ಚಿದ ಕುದುರೆ ಗಾಡಿಯಲ್ಲಿ ಪಾದ್ರಿ ಎಲ್ಟನ್ ಮಾಡಿದ್ದು ಅದನ್ನೇ. ಇಂದಿನ ಅರ್ಥ ಇಟ್ಟುಕೊಂಡು ಓದುವ ಕಾಲೇಜು ಹುಡುಗರು ಆ ಪುಟದಲ್ಲಿ ಬೆಚ್ಚಿಬೀಳುತ್ತಾರೆ.

ಟೆರಿಫಿಕ್ ಎಂದರೆ ಮೊದಲು ಭಯ ಹುಟ್ಟಿಸುವಂಥದ್ದು. ಈಗ ಬಹಳ ಚೆನ್ನಾಗಿರುವುದು. ಇದು ವಿಚಿತ್ರ ಎನ್ನಿಸಿದರೆ ಕನ್ನಡವನ್ನೇ ಕೇಳಿ. ಊಟ ಹೇಗಿತ್ತು? ಭಯಂಕರ ಚೆನ್ನಾಗಿತ್ತು. ಸಿನಿಮಾ? ಸಖತ್ತಾಗಿತ್ತು. ಭಯಂಕರದೊಳಗೆ ಭಯವಿದೆ. ಸಖತ್ ಎಂಬುದರ ಮೂಲ ಅರ್ಥ ಗಡುಸು, ಕಠಿಣ. ಯಾರೂ ಹೆದರುವುದಿಲ್ಲ, ಯಾರಿಗೂ ಹಲ್ಲು ನೋಯುವುದಿಲ್ಲ.

ದುಡ್ಡು ಮುಗಿಯಿತು, ಕಳ್ಳ ಪೊಲೀಸರು ಮುಗಿದರು, ಹೊಗಳಿಕೆಯಾದ ಬೈಗುಳವೂ ಮುಗಿಯಿತು. ಇನ್ನು ಊಟ ತಿಂಡಿ. ಇಲ್ಲಿ ಕರ್ನಾಟಕದ ಪಾಲು ದೊಡ್ಡದು.

ಆದರೆ ಕಥೆ ಶುರುವಾಗುವುದು ಲಂಡನ್ನಿನಲ್ಲಿ. ಅಲ್ಲಿ ಫ್ರಾನ್ಸಿಸ್ ಗ್ರೋಸ್ ಎಂಬೊಬ್ಬ ದಢೂತಿ ಮನುಷ್ಯ ಇದ್ದ. ಹಳೆಯ ಕೋಟೆ, ಚರ್ಚುಗಳ ಚಿತ್ರ ಬರೆದು ಪುಸ್ತಕ ಮಾಡುತ್ತಿದ್ದ. ಆದರೆ ಹೆಸರು ಉಳಿದದ್ದು ಬೀದಿಮಾತಿನಿಂದ. ರಾತ್ರಿ ಹೊತ್ತು ಲಂಡನ್ನಿನ ಹೆಂಡದಂಗಡಿ, ಗಲ್ಲಿಗಳನ್ನು ಸುತ್ತಿ ಸಿಪಾಯಿಗಳು, ನಾವಿಕರು, ಜೇಬುಗಳ್ಳರು ಆಡುವ ಮಾತನ್ನು ಕೇಳಿ ಬರೆದುಕೊಳ್ಳುತ್ತಿದ್ದನಂತೆ. 1785ರಲ್ಲಿ ಅದನ್ನೆಲ್ಲ ಒಂದು ನಿಘಂಟಾಗಿ ಅಚ್ಚು ಹಾಕಿಸಿದ. ಅದರಲ್ಲಿ ಟಿಫಿಂಗ್ ಎಂಬ ಪದವಿದೆ. ಹೊತ್ತಲ್ಲದ ಹೊತ್ತಿನಲ್ಲಿ ತಿನ್ನುವುದು, ಕುಡಿಯುವುದು ಎಂದು ಅರ್ಥ. ಅದರ ಪಕ್ಕದಲ್ಲೇ ಇನ್ನೊಂದು ಅರ್ಥ, ಜಗಳವಾಡುವುದು.

ಲಂಡನ್ನಿನ ಗಲ್ಲಿಯ ಈ ಮಾತು ಕಂಪನಿ ಸರಕಾರದ ನೌಕರರ ಜೊತೆ ಹಡಗು ಹತ್ತಿ ಇಲ್ಲಿಗೆ ಬಂತು. ಮಧ್ಯಾಹ್ನದ ಲಘು ಊಟಕ್ಕೆ ಟಿಫಿನ್ ಎಂದಾಯಿತು. ಆಂಗ್ಲೋ ಇಂಡಿಯನ್ ಪದಗಳ ದೊಡ್ಡ ಕೋಶ ‘ಹಾಬ್ಸನ್ ಜಾಬ್ಸನ್’ 1886ರಲ್ಲಿ ಬಂದಾಗ ಟಿಫಿನ್ನಿನ ಬೇರನ್ನು ಹುಡುಕುತ್ತ ಗ್ರೋಸನ ನಿಘಂಟಿಗೇ ಹೋಯಿತು. ಆ ಕೋಶದ ಇಬ್ಬರು ಸಂಪಾದಕರಲ್ಲಿ ಒಬ್ಬರು ಎ. ಸಿ. ಬರ್ನೆಲ್. ತುಳುನಾಡಿನ ಭೂತಾರಾಧನೆಯ ಪಾಡ್ದನಗಳನ್ನು ಸಂಗ್ರಹಿಸಿದವರು ಅವರೇ. ದಕ್ಷಿಣ ಭಾರತದ ಲಿಪಿಗಳ ಬಗ್ಗೆ ಅವರು ಬರೆದ ಗ್ರಂಥ 1874ರಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು.

ಇಂಗ್ಲೆಂಡಿನಲ್ಲಿ ಈಗ ಟಿಫಿನ್ ಎಂದರೆ ಹಳೆಯ ಸಾಹೇಬರ ಕಾಲದ ನೆನಪು. ಅದರ ಅಣ್ಣ ಟಿಫ್ ಮಾತ್ರ ಗಂಡ ಹೆಂಡಿರ ಸಣ್ಣ ಮುನಿಸಿನ ರೂಪದಲ್ಲಿ ಉಳಿದಿದೆ. ಕರ್ನಾಟಕದಲ್ಲಿ ಟಿಫಿನ್ ಬೆಳಗಿನ ದೋಸೆಗೆ ಇಳಿದು ಗಟ್ಟಿಯಾಯಿತು. ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ಸ್ ಎಂಬ ಹೋಟೆಲಿನ ಹೆಸರಿನಲ್ಲೇ ಅದು ಕೂತಿದೆ. ಅಲ್ಲಿ ಬೆಳಿಗ್ಗೆ ಸಾಲಿನಲ್ಲಿ ನಿಂತವರಿಗೆ ತಾವು ಲಂಡನ್ ಜೇಬುಗಳ್ಳರ ಮಾತಿನ ಬೋರ್ಡಿನ ಕೆಳಗೆ ನಿಂತಿದ್ದೇವೆ ಎಂಬ ಅರಿವು ಇರಲಾರದು. ದೋಸೆಯ ಕಡೆಗೇ ಗಮನ.

ಟಿಫಿನ್ ಆಯಿತು, ಊಟಕ್ಕೆ ಮೆಸ್. ಮೈಸೂರಿನಲ್ಲೋ ಧಾರವಾಡದಲ್ಲೋ ಓದಿದವರಿಗೆ ಮೆಸ್ ಎಂದರೆ ತಿಂಗಳ ಲೆಕ್ಕದ ಊಟದ ಮನೆ. ಸಾರಿಗೆ ನೀರು ಜಾಸ್ತಿ, ಭಾನುವಾರ ರಾತ್ರಿ ರಜೆ. ಇಂಗ್ಲೆಂಡಿನಿಂದ ಬಂದ ಪ್ರವಾಸಿ ಬೀದಿಯಲ್ಲಿ ಮೆಸ್ ಎಂಬ ದೊಡ್ಡ ಬೋರ್ಡು ನೋಡಿದರೆ ನಗುತ್ತಾನೆ. ಅವನ ಇಂಗ್ಲಿಷಿನಲ್ಲಿ ಮೆಸ್ ಎಂದರೆ ಮೊದಲಿಗೆ ಹೊಳೆಯುವುದು ಗಲೀಜು, ಕಲಸುಮೇಲೋಗರ.

ಆದರೆ ಇತಿಹಾಸದ ಲೆಕ್ಕದಲ್ಲಿ ಗೆಲುವು ಮೆಸ್ಸಿನ ಮಾಲೀಕನದೇ. ಹಳೆಯ ಫ್ರೆಂಚಿನಿಂದ ಬಂದ ಈ ಪದಕ್ಕೆ ಮೊದಲ ಅರ್ಥ, ಊಟದ ಮೇಜಿನ ಮೇಲೆ ತಂದಿಟ್ಟ ತಿನಿಸು. ಬೈಬಲ್ಲಿನಲ್ಲಿ ಏಸಾವ ಎಂಬವನು ಹಸಿವು ತಾಳದೆ ತನ್ನ ಹಿರಿತನದ ಹಕ್ಕನ್ನು ತಮ್ಮನಿಗೆ ಬೇಳೆಯ ಗಂಜಿಗೆ ಮಾರಿದ ಕಥೆ ಇದೆ. ಇಂಗ್ಲಿಷರ ನುಡಿಗಟ್ಟಿನಲ್ಲಿ ಆ ಗಂಜಿ ಒಂದು ಮೆಸ್. ಮುಂದೆ ಒಟ್ಟಿಗೆ ಕೂತು ಉಣ್ಣುವ ಪಂಕ್ತಿಗೂ ಮೆಸ್ ಎಂದರು. ಲಂಡನ್ನಿನಲ್ಲಿ ವಕೀಲರ ಹಳೆಯ ಸಂಘಗಳಿವೆ. ಅಲ್ಲಿನ ವಿಧ್ಯುಕ್ತ ಊಟದಲ್ಲಿ ನಾಲ್ಕು ನಾಲ್ಕು ಜನ ಒಂದು ಮೆಸ್ಸಾಗಿ ಕೂರುವ ಪದ್ಧತಿ ಈಗಲೂ ಉಂಟು. ಸೈನ್ಯ, ಹಡಗುಗಳಲ್ಲಿ ಇದೇ ಅರ್ಥ ಬೇರೂರಿತು. ಅಲ್ಲಿಂದ ನಮ್ಮ ಹಾಸ್ಟೆಲುಗಳಿಗೆ ಬಂತು. ಗಲೀಜು ಎಂಬ ಅರ್ಥ ಹುಟ್ಟಿದ್ದು ತಡವಾಗಿ. ಎಲ್ಲ ಕಲಸಿದ ಊಟ, ಆಮೇಲೆ ದನ ಹಂದಿಗೆ ಹಾಕುವ ಕಲಗಚ್ಚು, ಆಮೇಲೆ ಗೊಂದಲ. ಅದಕ್ಕೆ ಇನ್ನೂರು ವರ್ಷವೂ ತುಂಬಿದಂತಿಲ್ಲ.

ಒಟ್ಟಿನಲ್ಲಿ ಊಟದ ಮನೆಯಲ್ಲಿ ಎರಡು ಪದ ನೋಡಿದೆವು. ಟಿಫಿನ್ ಮತ್ತು ಮೆಸ್. ಎರಡರಲ್ಲೂ ಹಳೆಯ ಅರ್ಥಕ್ಕೆ ಆಸರೆ ಕೊಟ್ಟದ್ದು ನಮ್ಮ ಊರುಗಳು. ಮುಂದಿನ ಪದದಲ್ಲಿ ಊರು, ಊಟ ಎರಡನ್ನೂ ಬಿಟ್ಟು ಓಡಿಹೋಗುವ ಪ್ರಸಂಗ.

ಬಂಕ್. ಈ ಪದ ಕನ್ನಡಿಗರ ಬಾಯಲ್ಲಿ ದಿನಕ್ಕೆರಡು ಸಲ ಬರುತ್ತದೆ. ಒಂದು, ಪೆಟ್ರೋಲ್ ಬಂಕ್. ಎರಡು, ಕ್ಲಾಸಿಗೆ ಬಂಕ್. ದೆಹಲಿಯವನು ಪೆಟ್ರೋಲ್ ಪಂಪ್ ಎನ್ನುತ್ತಾನೆ. ಲಂಡನ್ನಿನವನು ಪೆಟ್ರೋಲ್ ಸ್ಟೇಷನ್ ಎನ್ನುತ್ತಾನೆ. ಪೆಟ್ರೋಲ್ ಬಂಕ್ ಎಂದರೆ ಅವನಿಗೆ ಪೆಟ್ರೋಲ್ ವಾಸನೆಯ ಮಂಚ ನೆನಪಾಗಬಹುದು. ಯಾಕೆಂದರೆ ಹಡಗಿನಲ್ಲಿ, ಹಾಸ್ಟೆಲಿನಲ್ಲಿ ಗೋಡೆಗೆ ಅಂಟಿಸಿದ ಕಿರಿದಾದ ಮಂಚ ಬಂಕ್. ಒಂದರ ಮೇಲೊಂದು ಇದ್ದರೆ ಬಂಕ್ ಬೆಡ್.

ಕ್ಲಾಸಿಗೆ ಬಂಕ್ ಹೊಡೆಯುವುದು ಮಾತ್ರ ಅಸಲಿ ಬ್ರಿಟಿಷ್ ಆಡುಮಾತು. ಅಲ್ಲಿ ‘ಡೂ ಎ ಬಂಕ್’ ಎಂದರೆ ಸದ್ದಿಲ್ಲದೆ ಜಾಗ ಖಾಲಿ ಮಾಡುವುದು. ಶಾಲೆ ತಪ್ಪಿಸುವ ಬ್ರಿಟಿಷ್ ಹುಡುಗನೂ ಬಂಕ್ ಮಾಡುತ್ತಾನೆ. ಹಾಗೆ ನೋಡಿದರೆ ಚಿಕ್ಕಮಗಳೂರಿನ ಕಾಲೇಜು ಹುಡುಗನೂ ಮ್ಯಾಂಚೆಸ್ಟರಿನ ಶಾಲಾ ಹುಡುಗನೂ ಒಂದೇ ಪದ ಹೇಳಿ ಒಂದೇ ತಪ್ಪು ಮಾಡುತ್ತಿದ್ದಾರೆ.

ಮೂರನೆಯ ಬಂಕ್ ಅಮೆರಿಕದ್ದು. ಅದರ ಹುಟ್ಟಿದ ವರ್ಷವೇ ಗೊತ್ತಿದೆ. 1820. ಮಿಸೌರಿ ಎಂಬ ಹೊಸ ರಾಜ್ಯದಲ್ಲಿ ಗುಲಾಮಗಿರಿ ಇರಬೇಕೇ ಬೇಡವೇ ಎಂದು ಅಮೆರಿಕದ ಸಂಸತ್ತಿನಲ್ಲಿ ಕಾವೇರಿದ ಚರ್ಚೆ. ಎಲ್ಲರೂ ದಣಿದಿದ್ದಾರೆ, ಮತಕ್ಕೆ ಹಾಕಿ ಎಂದು ಕೂಗುತ್ತಿದ್ದಾರೆ. ಆಗ ನಾರ್ತ್ ಕ್ಯಾರೊಲಿನಾದ ಸದಸ್ಯ ಫೆಲಿಕ್ಸ್ ವಾಕರ್ ಎದ್ದು ನಿಂತು ಉದ್ದನೆಯ ಭಾಷಣಕ್ಕೆ ತೊಡಗಿದ. ಕೂತುಕೊಳ್ಳಿ ಎಂದರೆ ಕೇಳಲಿಲ್ಲ. ತಾನು ಮಾತಾಡುತ್ತಿರುವುದು ಸಭೆಗಾಗಿ ಅಲ್ಲ, ತನ್ನ ಕ್ಷೇತ್ರದ ಬಂಕಮ್ ಜಿಲ್ಲೆಯವರಿಗಾಗಿ ಎಂಬ ಅರ್ಥದ ಸಮಜಾಯಿಷಿ ಕೊಟ್ಟ. ಊರಿನವರು ಪತ್ರಿಕೆಯಲ್ಲಿ ಓದಿ ತಮ್ಮವನೂ ಮಾತಾಡಿದ ಎಂದು ಹಿಗ್ಗಬೇಕಲ್ಲ! ಅಂದಿನಿಂದ ಹುರುಳಿಲ್ಲದ ಮಾತಿಗೆ ಬಂಕಮ್ ಎಂದು ಹೆಸರಾಯಿತು. ನಾಲಗೆ ಅದನ್ನು ಮೊಟಕು ಮಾಡಿ ಬಂಕ್ ಎಂದಿತು. ಇತಿಹಾಸವೆಂದರೆ ಹೆಚ್ಚುಕಡಿಮೆ ಬಂಕ್ ಎಂದು ಕಾರು ತಯಾರಕ ಹೆನ್ರಿ ಫೋರ್ಡ್ 1916ರಲ್ಲಿ ಪತ್ರಿಕೆಯೊಂದಕ್ಕೆ ಹೇಳಿ ನಗೆಗೀಡಾದರು. 1923ರಲ್ಲಿ ವಿಲಿಯಂ ವುಡ್‌ವರ್ಡ್ ಎಂಬ ಲೇಖಕರು ‘ಬಂಕ್’ ಎಂಬ ಹೆಸರಿನ ಕಾದಂಬರಿಯನ್ನೇ ಬರೆದರು. ಬಂಕನ್ನು ತೆಗೆದುಹಾಕುವುದಕ್ಕೆ ಡಿಬಂಕ್ ಎಂದರು. ಇಂದು ಸುಳ್ಳು ಸುದ್ದಿಯನ್ನು ಬಯಲು ಮಾಡುವ ಪತ್ರಕರ್ತರು ದಿನವೂ ಬಳಸುವ ಪದ ಅದು.

ಒಂದು ಜಿಲ್ಲೆಯ ಹೆಸರು ಇಡೀ ಭಾಷೆಗೆ ಬೈಗುಳವಾಯಿತು. ಆ ಜಿಲ್ಲೆ ಈಗಲೂ ಅಲ್ಲೇ ಇದೆ. ಜನ ಅಲ್ಲಿ ನೆಮ್ಮದಿಯಾಗಿಯೇ ಬದುಕಿದ್ದಾರೆ.

ಬಂಕಿನಲ್ಲಿ ಸದ್ದು ಒಂದು, ಬೇರು ಬೇರೆ ಬೇರೆ. ಮುಂದಿನ ಪದ ಅದಕ್ಕಿಂತ ವಿಚಿತ್ರ. ಅದರ ಎರಡು ಅರ್ಥಗಳು ಒಂದಕ್ಕೊಂದು ಬೆನ್ನು ತಿರುಗಿಸಿ ನಿಂತಿವೆ.

ಬೆಂಗಳೂರಿನ ಯಾವುದಾದರೂ ಬಡಾವಣೆಯಲ್ಲಿ ನಡೆಯಿರಿ. ಗೇಟಿಗೆ ತಂತಿಯಲ್ಲಿ ಕಟ್ಟಿದ ಪುಟ್ಟ ತಗಡು. ಕೆಂಪು ಬಣ್ಣದಲ್ಲಿ ಟು ಲೆಟ್. ಕೆಳಗೆ ಒಂದು ಫೋನ್ ನಂಬರು. ಲೆಟ್ ಎಂದರೆ ಬಿಡು, ಅವಕಾಶ ಕೊಡು. ಅದರಿಂದಲೇ ಬಾಡಿಗೆಗೆ ಬಿಡು. ಕನ್ನಡದಲ್ಲೂ ಮನೆಯನ್ನು ಬಾಡಿಗೆಗೆ ‘ಬಿಡುತ್ತಾರೆ’. ಇಲ್ಲಿಯವರೆಗೆ ಎಲ್ಲ ಸರಿ.

ಈಗ ಟೆನಿಸ್ ಅಂಗಳ. ಸರ್ವ್ ಮಾಡಿದ ಚೆಂಡು ನೆಟ್ಟಿನ ಮೇಲ್ಪಟ್ಟಿಗೆ ತಾಗಿ ಆಚೆ ಬಿತ್ತು. ಅಂಪೈರ್ ಲೆಟ್ ಎನ್ನುತ್ತಾರೆ. ಅವಕಾಶ ಕೊಟ್ಟೆ ಎಂದಲ್ಲ. ಅಡ್ಡಿಯಾಯಿತು, ಮತ್ತೆ ಆಡಿ ಎಂದು. ಬ್ಯಾಡ್ಮಿಂಟನ್ನಿನಲ್ಲೂ ಅಡ್ಡಿಯಾದಾಗ ಇದೇ ಕೂಗು. ಅಲ್ಲಿ ಬಿಡು, ಇಲ್ಲಿ ತಡೆ!

ಹಳೆಯ ಇಂಗ್ಲಿಷಿನಲ್ಲಿ ಇವು ಎರಡು ಬೇರೆ ಕ್ರಿಯಾಪದಗಳು. ಒಂದಕ್ಕೆ ಬಿಡುವುದು ಎಂದು ಅರ್ಥ. ಇನ್ನೊಂದಕ್ಕೆ ತಡೆಯುವುದು, ತಡಮಾಡುವುದು ಎಂದು. ಈ ಎರಡನೆಯದು ಲೇಟ್ ಎಂಬ ಪದದ ಒಡಹುಟ್ಟು. ಕಾಲ ಕಳೆದಂತೆ ಎರಡರ ಉಚ್ಚಾರವೂ ಸವೆದು ಒಂದೇ ಆಯಿತು. ಷೇಕ್ಸ್‌ಪಿಯರ್ ನಾಟಕಗಳಲ್ಲಿ ತಡೆಯುವ ಲೆಟ್ ಓಡಾಡುತ್ತದೆ. 1611ರ ಇಂಗ್ಲಿಷ್ ಬೈಬಲ್ಲಿನಲ್ಲೂ ಇದೆ. ಆಮೇಲೆ ಒಂದೇ ಬಾಯಲ್ಲಿ ಬಿಡು, ತಡೆ ಎರಡನ್ನೂ ಹೇಳುವುದು ಕಷ್ಟವಾಗಿ ತಡೆಯುವ ಲೆಟ್ ಹಿಂದೆ ಸರಿಯಿತು. ಟೆನಿಸ್ ಅಂಗಳ ಅದಕ್ಕೆ ಒಂದು ಮೂಲೆ ಕೊಟ್ಟಿತು. ಇನ್ನೊಂದು ಮೂಲೆ ಕೊಟ್ಟದ್ದು ಯಾರು?

ಮನೆಯಲ್ಲಿ ಭಾರತದ ಪಾಸ್‌ಪೋರ್ಟ್ ಇದ್ದರೆ ಈ ಭಾಷಣ ಮುಗಿದ ಮೇಲೆ ತೆಗೆದು ನೋಡಿ. ಆರಂಭದಲ್ಲೇ ರಾಷ್ಟ್ರಪತಿಯವರ ಹೆಸರಿನಲ್ಲಿ ಒಂದು ಕೋರಿಕೆ ಅಚ್ಚಾಗಿದೆ. ಇದನ್ನು ಹೊಂದಿರುವವರನ್ನು ಯಾವ ಅಡ್ಡಿ ಆತಂಕವೂ ಇಲ್ಲದೆ ಹೋಗಗೊಡಬೇಕು ಎಂಬುದು ಅದರ ಸಾರ. ಇಂಗ್ಲಿಷಿನಲ್ಲಿ ಆ ಅಡ್ಡಿ ಎಂಬುದಕ್ಕೆ ಇರುವ ಪದ ಲೆಟ್. ಬ್ರಿಟಿಷ್ ಪಾಸ್‌ಪೋರ್ಟಿನ ಧಾಟಿಯೇ ನಮ್ಮದಕ್ಕೂ ಬಂದಿದೆ. ದುಬೈಗೆ ಕೆಲಸಕ್ಕೆ ಹೊರಟ ಮಂಗಳೂರಿನವರು, ಓದಲು ಹೊರಟ ಹುಬ್ಬಳ್ಳಿಯ ಹುಡುಗಿ, ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟ ಅಜ್ಜಿ, ಎಲ್ಲರ ಕೈಚೀಲದಲ್ಲೂ ಷೇಕ್ಸ್‌ಪಿಯರ್ ಕಾಲದ ಒಂದು ಪದ ಬೆಚ್ಚಗೆ ಪ್ರಯಾಣ ಮಾಡುತ್ತಿದೆ.

ಲೇಟ್ ಎಂಬ ಪದ ಬಂತಲ್ಲ, ಅದರ ಬಗ್ಗೆಯೂ ಒಂದೇ ಮಾತು. ಅದಕ್ಕೆ ತಡ ಎಂಬ ಅರ್ಥವಿದೆ, ತೀರಿಕೊಂಡವರು ಎಂಬ ಅರ್ಥವೂ ಇದೆ.  ನಮ್ಮ ಮದುವೆ ಕರೆಯೋಲೆಗಳಲ್ಲಿ ಇಂಥವರ ಮಗಳು ಎನ್ನುವಾಗ ತಂದೆಯ ಹೆಸರಿನ ಹಿಂದೆ ಲೇಟ್ ಎಂದು ಅಚ್ಚು ಹಾಕಿಸುವುದುಂಟು. ಬಸ್ಸು ಲೇಟಾದರೆ ಬೈಯುತ್ತೇವೆ. ಕರೆಯೋಲೆಯ ಲೇಟ್ ಕಂಡರೆ ದನಿ ತಗ್ಗಿಸುತ್ತೇವೆ.

ಕೇಳುಗರೇ, ಗಡಿಯಾರದ ಮುಳ್ಳು ಕೊನೆಯ ಕಡೆಗೆ ಸರಿಯುತ್ತಿದೆ. ಒಮ್ಮೆ ಹಿಂತಿರುಗಿ ನೋಡೋಣ. ಶಿಲ್ಲಿಂಗಿನ ಬಾಬ್ ನುಡಿಗಟ್ಟಿನಲ್ಲಿ ಸಿಕ್ಕಿತು. ಮರದ ಮೇಲಿನ ನಿಕ್ ಬ್ಯಾಟಿನ ಅಂಚಿನಲ್ಲಿ ಸಿಕ್ಕಿತು. ಟಿಫಿನ್, ಮೆಸ್ಸುಗಳ ಹಳೆಯ ಅರ್ಥಗಳು ನಮ್ಮ ಬೀದಿಯ ಬೋರ್ಡಿನಲ್ಲಿ. ತಡೆಯುವ ಲೆಟ್ ಪಾಸ್‌ಪೋರ್ಟಿನಲ್ಲಿ. ಉಳಿದದ್ದು ಒಂದೇ ಪದ. ಈ ಕ್ಷಣ ಇಲ್ಲಿ ನಡೆಯುತ್ತಿರುವ ಕೆಲಸದ ಹೆಸರು. ಬ್ರಾಡ್‌ಕಾಸ್ಟ್.

ರೇಡಿಯೋ ಪ್ರಸಾರ ಶುರುವಾಗುವುದಕ್ಕೆ ನೂರೈವತ್ತು ವರ್ಷ ಮೊದಲೇ ಈ ಪದ ಇಂಗ್ಲಿಷಿನಲ್ಲಿತ್ತು. ಇದ್ದದ್ದು ಹೊಲದಲ್ಲಿ. ರೈತ ಮಡಿಲಿನಿಂದ ಹಿಡಿ ತುಂಬ ಕಾಳು ತೆಗೆದು, ಹೆಜ್ಜೆಗೊಂದು ಸಲ ಕೈ ಬೀಸಿ, ಅಗಲಕ್ಕೆ ಎರಚುತ್ತಾನಲ್ಲ, ಅದು ಬ್ರಾಡ್‌ಕಾಸ್ಟ್. ಜೆತ್ರೊ ಟಲ್ ಎಂಬಾತ ಇಂಗ್ಲೆಂಡಿನಲ್ಲಿ 1701ರ ಸುಮಾರಿಗೆ ಕಾಳನ್ನು ಸಾಲಾಗಿ ಬಿತ್ತುವ ಯಂತ್ರ ಮಾಡಿದ. ಸಾಲು ಬಿತ್ತನೆ ಒಂದು ಕಡೆ, ಎರಚುವ ಬಿತ್ತನೆ ಇನ್ನೊಂದು ಕಡೆ ಎಂದಾಯಿತು. ನಮ್ಮ ರೈತರ ಮಾತಿನಲ್ಲಿ ಹೇಳುವುದಾದರೆ ಒಂದು ಕೂರಿಗೆಯದು, ಇನ್ನೊಂದು ಚೆಲ್ಲುವುದು. 1920ರ ಸುಮಾರಿಗೆ ರೇಡಿಯೋ ಪ್ರಸಾರ ಬಂದಾಗ, ಯಾರ ಮನೆಗೆ ಬೀಳುತ್ತದೋ ನೋಡದೆ ದನಿಯನ್ನು ಗಾಳಿಗೆ ಎರಚುವ ಈ ಕೆಲಸಕ್ಕೆ ಹೊಲದ ಪದವನ್ನೇ ತಂದರು.

ಕನ್ನಡ ತನ್ನದೇ ದಾರಿ ಹಿಡಿಯಿತು. 1935ರಲ್ಲಿ ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿದರು. ಅವರ ಕೇಂದ್ರಕ್ಕೆ ಆಕಾಶವಾಣಿ ಎಂದು ಹೆಸರಾಯಿತು. ಹೊಲದಿಂದಲ್ಲ, ಪುರಾಣದಿಂದ ಬಂದ ಹೆಸರು. ಬ್ರಾಡ್‌ಕಾಸ್ಟ್ ಮಾಡುವುದಕ್ಕೆ ಬಿತ್ತರಿಸು ಎಂಬ ಮಾತೂ ಬಳಕೆಗೆ ಬಂತು. ಕಿವಿಗೆ ಅದರಲ್ಲಿ ಬಿತ್ತನೆಯೇ ಕೇಳಿಸುತ್ತದೆ. ನಿಜದಲ್ಲಿ ಬಿತ್ತರ ಎಂಬುದು ಸಂಸ್ಕೃತದ ವಿಸ್ತರದ ತದ್ಭವ. ಬೀಜಕ್ಕೂ ಅದಕ್ಕೂ ನಂಟಿಲ್ಲ. ಬೇರು ಬೇರೆಯಾದರೂ ಕನ್ನಡದ ಕಿವಿ ಇಂಗ್ಲಿಷಿನ ಹೊಲಕ್ಕೇ ಬಂದು ನಿಂತಿತು.

ಬ್ರಾಡ್‌ಕಾಸ್ಟಿನ ಹಳೆಯ ಅರ್ಥ ಇವತ್ತು ಎಲ್ಲಿದೆ? ಕೃಷಿ ವಿಶ್ವವಿದ್ಯಾಲಯಗಳ ಪಠ್ಯದಲ್ಲಿದೆ. ಅಲ್ಲಿ ಓದಿದ ವಿಜ್ಞಾನಿಗಳ ಬಾಯಲ್ಲಿದೆ. ಮುಂಗಾರು ಹಿಡಿದ ಮೇಲೆ ಸಂಜೆಯ ರೈತರ ಕಾರ್ಯಕ್ರಮ ಹಾಕಿ ಕೇಳಿ. ಯಾರಾದರೂ ವಿಜ್ಞಾನಿ ರಾಗಿ ಬಿತ್ತನೆಯ ಬಗ್ಗೆ ಹೇಳುತ್ತಿರುತ್ತಾರೆ. ಕಾಳು ಚೆಲ್ಲಿದರೆ ಬೀಜ ಹೆಚ್ಚು ಬೇಕು, ಕಳೆ ತೆಗೆಯುವುದು ಕಷ್ಟ, ಆದ್ದರಿಂದ ಬ್ರಾಡ್‌ಕಾಸ್ಟ್ ಮಾಡಬೇಡಿ, ಸಾಲಿನಲ್ಲಿ ಬಿತ್ತಿ ಎನ್ನುತ್ತಾರೆ. ಆ ಮಾತು ರೇಡಿಯೋದಿಂದ ಹೊರಟು, ಮೈಲಿಗಟ್ಟಲೆ ಗಾಳಿಯಲ್ಲಿ ಚೆಲ್ಲಿ, ಬಿತ್ತುವವರ ಮನೆಗೂ ಬಿತ್ತದವರ ಮನೆಗೂ ಒಂದೇ ಸಮನೆ ಬೀಳುತ್ತದೆ.